ಕುಂಕುಮದೊಡನೆ ಬಂದ ಮುಲಾಮು

ತುಟಿಗೆ ಹಚ್ಚುವ ಯಾವ ಪದಾರ್ಥವನ್ನೇ ಆಗಲಿ, ಯಾರಾದರೂ ಪ್ರೀತಿಯಿಂದ ಮುಂದೆ ಹಿಡಿದರೆ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಮೊನ್ನೆ ಒಂದು ಮದುವೆಯಲ್ಲಿ ತೆಂಗಿನಕಾಯಿಯ ಬದಲು ಅಂಥದೊಂದು ಪುಟ್ಟ ಕೊಳವೆಯನ್ನು ಚೀಲದಲ್ಲಿಟ್ಟು ಕೊಟ್ಟರು. ನಾನು ಅದನ್ನು ಎರಡು ಬೆರಳುಗಳಲ್ಲಿ ಹಿಡಿದು ಹೊರತೆಗೆದು ಊಟದ ಮೇಜಿನ ಮೇಲೆಯೇ ಬಿಟ್ಟುಬಂದೆ. ಮದುವೆಮನೆಯ ಹುಡುಗಿಯೊಬ್ಬಳು ಬಾಗಿಲವರೆಗೆ ಓಡಿಬಂದು, "ಅಜ್ಜೀ, ಇದನ್ನು ಮರೆತುಬಿಟ್ರಿ" ಎಂದಳು. "ಮರೆತಿಲ್ಲ ಮಗು" ಎಂದೆ. ನನ್ನ ಉತ್ತರ ಅವಳಿಗೆ ಒರಟೆನಿಸಿರಬೇಕು. ಆದರೆ ಅದು ನಿಜ. ಮರೆಯುವುದು ನನ್ನ ಜಾಯಮಾನದಲ್ಲಿಲ್ಲ. ನನ್ನ ಬಂಧುವರ್ಗ ನನ್ನ ಮೇಲೆ ಹೊರಿಸುವ ಮುಖ್ಯ ಆಪಾದನೆಯೇ ಅದು.

ಆಪಾದನೆಗೆ ಆಧಾರವಿಲ್ಲದಿಲ್ಲ. ಮೈಸೂರಿನ ನಮ್ಮ ಬಾಲ್ಯದ ಮನೆಯಲ್ಲಿ, ಮಾವಿನಕಾಯಿಯನ್ನು ಸಿಪ್ಪೆ ಸಮೇತ ಕಚ್ಚಿ ತಿಂದ ತಪ್ಪಿಗೆ ಒಂದು ಬೇಸಿಗೆಯಲ್ಲಿ ನನ್ನ ತುಟಿಗಳು ಸೊನೆ ತಾಗಿ ಊದಿಕೊಂಡವು. ಊಟದ ಪಂಕ್ತಿಯಲ್ಲಿ ಎಲ್ಲರೂ ಕುಳಿತಿರುವಾಗ ನನ್ನ ದೊಡ್ಡಪ್ಪನ ಮಗ ನರಹರಿ, "ಈ ಮೂತಿಗೆ ಒಂದು ಬಾಲ ಕಟ್ಟಿಬಿಟ್ಟರೆ ಬೆಟ್ಟದ ಮೇಲೆ ಬಿಟ್ಟುಬರಬಹುದು" ಎಂದ. ಬಡಿಸುತ್ತಿದ್ದ ಚಿಕ್ಕಮ್ಮ ಹುಳಿಯ ಸೌಟನ್ನು ಹಿಡಿದುಕೊಂಡೇ ನಕ್ಕಳು. ನರಹರಿಗೆ ಈಗ ಮೊಮ್ಮಕ್ಕಳಿದ್ದಾರೆ, ಹಲ್ಲುಗಳಿಲ್ಲ. ಆದರೂ ಅವನು ಫೋನಿನಲ್ಲಿ "ಹೇಗಿದ್ದೀಯಮ್ಮಾ" ಎಂದು ಕೇಳಿದಾಗಲೆಲ್ಲ ನನಗೆ ಮೊದಲು ಕೇಳಿಸುವುದು ಆ ಬಾಲದ ಮಾತು. ಅಂದು ನಮ್ಮ ಅಜ್ಜಿ ನನ್ನನ್ನು ಒಳಗೆ ಕರೆದೊಯ್ದು ಹೊಕ್ಕುಳಿಗೆ ಹರಳೆಣ್ಣೆ ಹಾಕಿದರು. ತುಟಿಗೂ ಹೊಕ್ಕುಳಿಗೂ ಏನು ಸಂಬಂಧವೆಂದು ಕೇಳುವ ಸ್ವಾತಂತ್ರ್ಯ ಆ ಮನೆಯಲ್ಲಿ ಹೆಣ್ಣುಮಕ್ಕಳಿಗಿರಲಿಲ್ಲ. ಅಂಗಾತ ಮಲಗಿ, ಎಣ್ಣೆ ಚೆಲ್ಲದಂತೆ ಉಸಿರನ್ನು ಸಣ್ಣಗೆ ಬಿಡುತ್ತ, ಸೂರಿನ ಜಂತೆಗಳನ್ನು ನೋಡುತ್ತಿದ್ದೆ. ತುಟಿ ತಾನಾಗಿ ವಾಸಿಯಾಯಿತು; ಕೀರ್ತಿ ಹೊಕ್ಕುಳಿಗೆ ಹೋಯಿತು.

ನಾನು ಹೇಳಹೊರಟಿರುವುದು ಆ ಊತವನ್ನಲ್ಲ, ಕೊಲ್ಕತ್ತದಲ್ಲಿ ಆದ ಇನ್ನೊಂದನ್ನು. ಅದರಿಂದ ನನ್ನ ಕನ್ನಡ ತರಗತಿ ಹೋಯಿತು.

ರೈಲ್ವೆಯಲ್ಲಿದ್ದ ಪತಿಯೊಡನೆ ನಾನು ಆ ಊರಿಗೆ ಬಂದಾಗ ನನ್ನ ಬಂಗಾಳಿಯಲ್ಲಿ ಇದ್ದುದು ಎರಡೇ ಶಬ್ದ. ಮುಂದೆ ನನಗೂ ಬಿಬಿಡಿ ಬಾಗಿನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ನಿವೃತ್ತಿಯವರೆಗೂ ಅಲ್ಲಿ ನಾನು 'ಮದ್ರಾಸಿ ದಿದಿ'ಯಾಗಿಯೇ ಉಳಿದೆ. ಮೈಸೂರು ಮದ್ರಾಸಿನಲ್ಲಿಲ್ಲವೆಂದು ಭೂಪಟ ಬರೆದು ತೋರಿಸಿದ್ದೂ ಉಂಟು. ಬೀಳ್ಕೊಡುಗೆಯ ದಿನ, ಅದೇ ಭೂಪಟವನ್ನು ನೋಡಿ ತಲೆದೂಗಿದ್ದ ಮೇಲಧಿಕಾರಿ ಎದ್ದು ನಿಂತು, ನನ್ನ ತಮಿಳು ಎಷ್ಟು ಮಧುರವೆಂದು ಕೊಂಡಾಡಿದರು. ನಾನು ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ಮನೆ ಲೇಕ್ ಗಾರ್ಡನ್ಸಿನಲ್ಲಿ, ಮೊದಲ ಮಹಡಿ. ಲೋಕಲ್ ರೈಲು ಹಾದುಹೋದಾಗ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನುಡಿಯುತ್ತಿದ್ದವು. ಆ ಮನೆಯ ಮುಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾನು ಕನ್ನಡ ಕಲಿಸುತ್ತಿದ್ದೆ. ಪತಿ ತೀರಿಕೊಂಡ ವರ್ಷ ಆರಂಭಿಸಿದ್ದು. ನಮ್ಮ ಕನ್ನಡ ಸಂಘದವರ ಮಕ್ಕಳು ಬರುತ್ತಿದ್ದರು: ಬ್ಯಾಂಕಿನವರ, ರೈಲ್ವೆಯವರ, ವಿಶ್ವವಿದ್ಯಾಲಯದವರ ಮಕ್ಕಳು. ಹೇಳಿದ್ದು ಅವರಿಗೆ ತಿಳಿಯುತ್ತಿತ್ತು. ಉತ್ತರ ಮಾತ್ರ ಬಂಗಾಳಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತಿತ್ತು. "ಆಂಟೀ, ನಂಗೆ ಭೀಷಣ್ ಖಿದೆ ಆಗಿದೆ" ಎಂದು ಒಬ್ಬಳು ಹೊಟ್ಟೆ ಹಿಡಿದುಕೊಂಡು ನಿಂತರೆ, "ಹಸಿವು ಎನ್ನು, ಚಕ್ಕುಲಿ ಕೊಡುತ್ತೇನೆ" ಎನ್ನುತ್ತಿದ್ದೆ. ಎಷ್ಟೋ ಮಕ್ಕಳ ಕನ್ನಡ ಹೀಗೆ ಚಕ್ಕುಲಿಯ ಬಲದಿಂದ ಬೆಳೆದದ್ದು. ಕಚೇರಿಯಲ್ಲಿ ನಾನು ಮಾಡಿದ ಕೆಲಸವನ್ನು ಯಾರು ಬೇಕಾದರೂ ಮಾಡಬಹುದಿತ್ತು. ಆ ಕೋಣೆಯಲ್ಲಿ ಮಾಡಿದ್ದನ್ನು ಮಾಡಲು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ನನ್ನದೆಂದು ಹೇಳಿಕೊಳ್ಳಲು ನನಗೆ ಉಳಿದಿದ್ದುದು ಅದೊಂದೇ.

ಆಮೇಲೆ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳೆದ್ದವು. ಸಾಫ್ಟ್‌ವೇರ್ ಕಂಪನಿಗಳು ಬಂದವು. ಅವುಗಳೊಡನೆ ಬೆಂಗಳೂರಿನಿಂದ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಯುವ ದಂಪತಿಗಳು ಬಂದರು. ಸಂಘಕ್ಕೆ ಹೊಸ ರಕ್ತ ಬಂತೆಂದು ಎಲ್ಲರೂ ಹಿಗ್ಗಿದರು, ನಾನೂ ಹಿಗ್ಗಿದೆ. ಹೊಸ ರಕ್ತ ಮೊದಲು ಮಾಡಿದ ಕೆಲಸವೆಂದರೆ ಅಂಚೆಯ ಮೂಲಕ ಬರುತ್ತಿದ್ದ ಸಭೆಯ ಸೂಚನೆಗಳನ್ನು ಇಮೇಲಿಗೆ ಬದಲಾಯಿಸಿದ್ದು. ನನ್ನ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹೀಗಾಗಿ ಸಂಕ್ರಾಂತಿಯ ಕೂಟ ಮುಗಿದ ಮೇಲೆ ನನಗೆ ಸುದ್ದಿ ತಿಳಿಯಿತು. "ಅಯ್ಯೋ, ಮೇಲ್ ಹಾಕಿದ್ವಲ್ಲ ಆಂಟೀ!" ಎಂದರು. ಹಾಕಿದ್ದು ನಿಜವಿರಬೇಕು. ಎಲ್ಲಿಗೆ ಹಾಕಿದರೆಂದು ನಾನು ಇಂದಿಗೂ ಕೇಳಿಲ್ಲ.

ಹಾಗೆ ಬಂದವರಲ್ಲಿ ಶಿಲ್ಪಾ ಒಬ್ಬಳು. ಜಯನಗರದ ಹುಡುಗಿ, ಚುರುಕು, ನಗುಮುಖ, ಮಾತಿನಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಗೋಡೆಯೇ ಇಲ್ಲ. ತನ್ನ ಮಗಳನ್ನೂ ನನ್ನ ತರಗತಿಗೆ ಕಳಿಸುತ್ತಿದ್ದಳು. ನವರಾತ್ರಿಯಲ್ಲಿ ತನ್ನ ಫ್ಲಾಟಿನಲ್ಲಿ ಅರಿಶಿನ ಕುಂಕುಮಕ್ಕೆ ಸಂಘದ ಹೆಂಗಸರನ್ನೆಲ್ಲ ಕರೆದಳು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು, ನೀವೂ ನಿಲ್ಲಿ. ಪತಿ ತೀರಿಕೊಂಡ ಮೇಲೆ ಇಂಥ ಕೂಟಗಳಿಗೆ ನನ್ನನ್ನು ಕರೆಯುವುದನ್ನು ಯಾರೂ ಬಿಟ್ಟಿರಲಿಲ್ಲ, ನಮ್ಮವರು ಸಭ್ಯರು. ಕರೆಯುತ್ತಿದ್ದರು, ಕೂರಿಸುತ್ತಿದ್ದರು, ಕೋಸಂಬರಿ ಕೊಡುತ್ತಿದ್ದರು. ಕುಂಕುಮದ ತಟ್ಟೆ ಮಾತ್ರ ನನ್ನ ಎಡಗಡೆ ಕುಳಿತವಳ ಬಳಿಗೆ ಬಂದು, ಒಂದು ಕ್ಷಣ ಗಾಳಿಯಲ್ಲಿ ತೂಗಿ, ನನ್ನನ್ನು ದಾಟಿ ಬಲಗಡೆಯವಳ ಮುಂದೆ ಇಳಿಯುತ್ತಿತ್ತು. ತಟ್ಟೆ ಹಿಡಿದವರು ಆ ಕ್ಷಣದಲ್ಲಿ ನನ್ನ ಮುಖ ನೋಡುವುದಿಲ್ಲ, ನನ್ನ ಸೀರೆಯ ಅಂಚು ನೋಡುತ್ತಾರೆ. ಯಾರು ಯಾರು ನನ್ನ ಯಾವ ಸೀರೆಯ ಅಂಚನ್ನು ನೋಡಿದ್ದಾರೆಂಬುದನ್ನು ನಾನು ಈಗಲೂ ಹೇಳಬಲ್ಲೆ.

ಶಿಲ್ಪಾ ತಟ್ಟೆಯನ್ನು ನೇರವಾಗಿ ನನ್ನ ಮುಂದೆ ಹಿಡಿದಳು. ಕೋಣೆಯಲ್ಲಿದ್ದ ಹಿರಿಯರ ಬಳೆಗಳ ಸದ್ದು ನಿಂತಿತು.

"ನಂಗೆ ಬೇಡಮ್ಮ" ಎಂದೆ.

"ತಗೊಳ್ಳಿ ಆಂಟೀ, ಈ ಕಾಲದಲ್ಲಿ ಅದೆಲ್ಲ ಯಾರು ನೋಡ್ತಾರೆ?" ಎಂದು ಅವಳೇ ನನ್ನ ಹಣೆಗೆ ಕುಂಕುಮವಿಟ್ಟಳು. ಅವಳ ಬೆರಳು ತಣ್ಣಗಿತ್ತು. ಆಮೇಲೆ ಎಲ್ಲರಿಗೂ ಕೊಟ್ಟಂಥದೇ ಚೀಲವನ್ನು ನನಗೂ ಕೊಟ್ಟಳು. ಅದರಲ್ಲಿ ವೀಳ್ಯದೆಲೆ, ಅಡಿಕೆ, ಒಂದು ಕಿತ್ತಳೆ, ಮತ್ತು ಅವಳ ಗಂಡ ಕಂಪನಿಯ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿದ್ದಾಗ ಡಜನ್‌ಗಟ್ಟಲೆ ತಂದಿದ್ದ ತುಟಿಯ ಮುಲಾಮಿನ ಒಂದು ಕೊಳವೆ.

ನನಗೆ ಅಂಥ ಸಾಮಗ್ರಿಗಳ ಅಭ್ಯಾಸವಿಲ್ಲ. ಚಳಿಗಾಲಕ್ಕೆ ತುಪ್ಪ ಸಾಕಾಗುತ್ತಿತ್ತು. ಬೇರೆ ರೀತಿಯಲ್ಲಿ ಬಂದಿದ್ದರೆ ಆ ಕೊಳವೆ ಕೆಲಸದವಳ ಮಗಳಿಗೆ ಹೋಗುತ್ತಿತ್ತು. ಆದರೆ ಕುಂಕುಮದೊಡನೆ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ನಮ್ಮಲ್ಲಿ ಸಲ್ಲದು. ತಾಂಬೂಲದಲ್ಲಿ ಬಂದ ರವಿಕೆಯ ಬಟ್ಟೆಯನ್ನು ಬಣ್ಣ ಹಿಡಿಸದಿದ್ದರೂ ಒಮ್ಮೆಯಾದರೂ ಹೊಲಿಸಿ ತೊಡುತ್ತೇವೆ. ಅದಕ್ಕೂ ಮಿಗಿಲಾಗಿ, ಎಷ್ಟೋ ವರ್ಷಗಳ ಮೇಲೆ ನನ್ನ ಮುಂದೆ ನಿಂತ ತಟ್ಟೆಯ ಜೊತೆ ಬಂದದ್ದು ಅದು. ನಾನು ಮುಲಾಮನ್ನು ದೇವರ ಮನೆಯ ಪಕ್ಕದ ಗೂಡಿನಲ್ಲಿಟ್ಟು, ಬೆಳಿಗ್ಗೆ ಸ್ನಾನವಾದ ಮೇಲೆ, ಮತ್ತೆ ಮಲಗುವ ಮುಂಚೆ, ತಪ್ಪದೆ ಹಚ್ಚಿಕೊಂಡೆ. ದಾಲ್ಚಿನ್ನಿಯ ಘಮ. ಹಚ್ಚಿದೊಡನೆ ಸ್ವಲ್ಪ ಚುರುಗುಟ್ಟುತ್ತಿತ್ತು. ವಿದೇಶದ ವಸ್ತು, ಕೆಲಸ ಮಾಡುತ್ತಿದೆ ಎಂದುಕೊಂಡೆ.

ಚಳಿ ಬರುವ ಹೊತ್ತಿಗೆ ತುಟಿಗಳು ಒಣಗಿದವು. ಒಣಗಿದವೆಂದು ಇನ್ನಷ್ಟು ಹಚ್ಚಿದೆ. ಸಿಪ್ಪೆ ಏಳತೊಡಗಿತು. ಸಿಪ್ಪೆ ಎದ್ದಿತೆಂದು ಇನ್ನಷ್ಟು. ಕೆಂಪಾಯಿತು, ತುರಿಸಿತು, ಬೆಳಗಾಗುವಷ್ಟರಲ್ಲಿ ಮೇಲ್ದುಟಿ ಮೂಗಿನ ಕಡೆಗೆ ಹೊರಟುನಿಂತಿತು. ಗುಣಪಡಿಸುತ್ತಿದೆ ಎಂದು ನಾನು ನಂಬಿದ ವಸ್ತುವೇ ಸುಡುತ್ತಿದೆಯೆಂಬ ಅನುಮಾನ ನನಗೆ ಒಂದು ದಿನವೂ ಬರಲಿಲ್ಲ. ಎಲ್ಲರ ಮೇಲೆಯೂ ಅನುಮಾನಪಡುವವಳೆಂದು ಹೆಸರಾದ ನಾನು, ಅನುಮಾನಿಸಬೇಕಾದ ಒಂದೇ ಒಂದನ್ನು ದೇವರ ಮನೆಯ ಪಕ್ಕದಲ್ಲಿಟ್ಟಿದ್ದೆ.

ಕೆಳಮನೆಯಲ್ಲಿ ಶರ್ಮಿಷ್ಠಾ ಇದ್ದಳು. ಬ್ಯಾಂಕ್ ಅಧಿಕಾರಿ, ನಡುವಯಸ್ಸು, ಒಂಟಿ. ಮೆಟ್ಟಿಲ ಮೇಲೆ ನನ್ನನ್ನು ಕಂಡವಳೇ, "ಏ ಕೀ, ಮಾಶಿಮಾ! ಇದೇನು ಅವಸ್ಥೆ?" ಎಂದು ನಿಂತುಬಿಟ್ಟಳು. ಮಾಶಿಮಾ ಎಂದರೆ ಚಿಕ್ಕಮ್ಮ. ನಮ್ಮಿಬ್ಬರ ಸಂಭಾಷಣೆ ಹಿಂದಿಯಲ್ಲಿ ಆರಂಭವಾಗಿ ಬಂಗಾಳಿಯಲ್ಲಿ ಮುಗಿಯುತ್ತಿತ್ತು.

"ಚಳಿ" ಎಂದೆ, ತುಟಿಗಳನ್ನು ಆದಷ್ಟು ಅಲುಗಿಸದೆ.

"ಚಳಿ ನಮಗೂ ಇದೆ. ನಮ್ಮ ಬಾಯಿ ಹೀಗಾಗಿಲ್ಲವಲ್ಲ. ಡಾಕ್ಟರರ ಹತ್ತಿರ ಹೋಗಿ."

"ಹೋಗುತ್ತೇನೆ."

"ನೀವು ಹೋಗುವುದಿಲ್ಲ. ನನಗೆ ಗೊತ್ತು. ಸೋಮವಾರ ನಾನೇ ಕರೆದುಕೊಂಡು ಹೋಗುತ್ತೇನೆ."

ಅಂದು ಶನಿವಾರ. ನಡುವೆ ಒಂದು ಭಾನುವಾರವಿತ್ತು. ಆ ಭಾನುವಾರ ಸಂಘದ ಕಾರ್ಯಕಾರಿ ಸಮಿತಿಯ ಸಭೆ; ಸಂಘಕ್ಕೆ ಸ್ವಂತ ಕಟ್ಟಡವಿಲ್ಲದ್ದರಿಂದ, ತರಗತಿಗೆ ರಜೆ ಕೊಟ್ಟು, ನನ್ನ ಮನೆಯ ಮುಂದಿನ ಕೋಣೆಯಲ್ಲೇ ಸಭೆ.

ಎಲ್ಲರೂ ಬಂದರು. ಅಧ್ಯಕ್ಷ ಪಾಟೀಲರು ಬಂದರು. ಅವರು ಸಾರ್ವಜನಿಕ ಉದ್ಯಮವೊಂದರಿಂದ ನಿವೃತ್ತರಾದ ಧಾರವಾಡದವರು. ಎತ್ತರದ ಆಳು, ಎತ್ತರದ ದನಿ. ನಾನು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕಾಫಿ ಕೊಟ್ಟೆ. "ಏನ್ರೀ ಮೇಡಮ್ಮರ, ಹಲ್ಲು ಕಿತ್ತಿಸಿದ್ರೇನು?" ಎಂದರು. ತಲೆಯಾಡಿಸಿದೆ. ಲೆಕ್ಕಪತ್ರ ಒಪ್ಪಿತವಾಯಿತು, ಯುಗಾದಿಯ ಊಟದ ಮಾತಾಯಿತು. ಆಮೇಲೆ ಶಿಲ್ಪಾ ಲ್ಯಾಪ್‌ಟಾಪ್ ತೆರೆದು ನನ್ನ ಕಪ್ಪುಹಲಗೆಗೆ ಒರಗಿಸಿಟ್ಟಳು. ಪರದೆಯ ಮೇಲೆ ಬಣ್ಣದ ಬಲೂನುಗಳಿದ್ದವು.

"ಮಕ್ಕಳಿಗೆ ಸಂಡೇ ಮಾರ್ನಿಂಗ್ ಒಂದು ಫನ್ ಕ್ಲಬ್ ಮಾಡೋಣ ಅಂತ" ಎಂದಳು. "ಸಾಲ್ಟ್ ಲೇಕಲ್ಲಿ ನಮ್ಮ ಕಾಂಪ್ಲೆಕ್ಸಿನ ಹಾಲ್ ಸಿಗತ್ತೆ. ಡಾನ್ಸ್, ಕ್ರಾಫ್ಟ್, ಕ್ವಿಜ್. ಕನ್ನಡ ಕ್ಲಾಸನ್ನೂ ಅದರಲ್ಲೇ ಮರ್ಜ್ ಮಾಡಿಬಿಟ್ರೆ ಎಲ್ಲಾ ಒಂದೇ ಕಡೆ ಆಗತ್ತೆ. ವ್ಯಾನ್ ಅರೇಂಜ್ ಮಾಡ್ತೀವಿ."

"ಕನ್ನಡ ಯಾರು ಹೇಳಿಕೊಡೋರು?" ಎಂದು ಯಾರೋ ಕೇಳಿದರು. ಕೇಳಿದವರು ರೈಲ್ವೆಯ ಶಾಂತಮೂರ್ತಿಗಳು. ಆ ಒಂದು ಪ್ರಶ್ನೆಗಾಗಿ ನಾನು ಅವರಿಗೆ ಕೃತಜ್ಞಳು.

"ಈಗ ಸೀಡಿಗಳು ಬಂದಿವೆ ಅಂಕಲ್, ಆನಿಮೇಶನ್ ಇರತ್ತೆ. ಮಕ್ಕಳು ತಾವೇ ಕಲ್ತ್ಕೋತಾರೆ. ಆಂಟಿಗೂ ಎಷ್ಟು ವರ್ಷ ತೊಂದ್ರೆ ಕೊಡೋದು? ಪಾಪ, ರೆಸ್ಟ್ ಬೇಡ್ವಾ ಅವರಿಗೆ?"

ಅವಳು ನನ್ನ ಕಡೆ ತಿರುಗಿ ನಕ್ಕಳು. ಆ ನಗುವಿನಲ್ಲಿ ಕಪಟವಿರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕಪಟವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಕೈ ಎತ್ತಿದೆ. ಕರವಸ್ತ್ರ ತೆಗೆದು, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಾಯಿ ತೆರೆದೆ. ತುಟಿಯ ಮೂಲೆ ಸೀಳಿತು. ರಕ್ತ ಗದ್ದಕ್ಕೆ ಇಳಿಯಿತು.

"ಅಯ್ಯಯ್ಯೋ!" ಎಂದು ಇಡೀ ಸಭೆ ಎದ್ದುನಿಂತಿತು. "ಮಾತಾಡಬೇಡಿ ಆಂಟೀ, ಮಾತಾಡಬೇಡಿ!"

ಅನಂತರ ಆ ಸಭೆ ನನ್ನ ತುಟಿಗಳ ವಿಷಯದಲ್ಲಿ ತೋರಿದ ಶ್ರದ್ಧೆಯನ್ನು ಸಂಘದ ಯಾವ ಸಭೆಯೂ ಯಾವ ವಿಷಯದಲ್ಲೂ ತೋರಿದ್ದಿಲ್ಲ. ಒಬ್ಬರು ಬೆಣ್ಣೆ ಎಂದರು. ಒಬ್ಬರು ಜೇನುತುಪ್ಪ ಎಂದರು. ಇನ್ನೊಬ್ಬರು ಅರಿಶಿನ ಎಂದರೆ, ಮತ್ತೊಬ್ಬರು ಅರಿಶಿನ ಸರ್ವಥಾ ಕೂಡದೆಂದು ವಾದಿಸಿದರು. ಕೊಲ್ಕತ್ತದಲ್ಲಿ ಗಾಯದಿಂದ ವಿರಹದವರೆಗೆ ಎಲ್ಲಕ್ಕೂ ಹಚ್ಚುವ ಹಸಿರು ಟ್ಯೂಬಿನ ಮುಲಾಮನ್ನು ಬ್ಯಾಂಕಿನವರ ಹೆಂಡತಿ ಸೂಚಿಸಿದಳು. "ನಮ್ಮ ಕಡೆ ಹೊಕ್ಕಳಕ್ಕ ಎಣ್ಣಿ ಬಿಡ್ತಾರ ನೋಡ್ರಿ" ಎಂದರು ಅಧ್ಯಕ್ಷರು. ಗೋಡೆಗೊರಗಿದ್ದ ಬಲೂನುಗಳನ್ನು ಯಾರೂ ನೋಡುತ್ತಿರಲಿಲ್ಲ. ನಾನು ಮತ್ತೆ ಕೈ ಎತ್ತಿದೆ. ಒಬ್ಬರು ಓಡಿಹೋಗಿ ನೀರು ತಂದುಕೊಟ್ಟರು.

ಅಷ್ಟರಲ್ಲಿ ಶಿಲ್ಪಾ ಕೈಚೀಲದೊಳಗೆ ಕೈಹಾಕಿ ಅದೇ ಕೊಳವೆಯ ಇನ್ನೊಂದನ್ನು ಹೊರತೆಗೆದಳು.

"ನಾನು ಕೊಟ್ಟಿದ್ದು ಮುಗಿದುಹೋಗಿರತ್ತೆ, ಅಲ್ವಾ ಆಂಟೀ? ಇದನ್ನ ಧಾರಾಳವಾಗಿ ಹಚ್ಚಿಕೊಳ್ಳಿ. ಈಗಲೇ ಹಚ್ಚಿ, ಎಲ್ಲರ ಎದುರಿಗೇ. ಇಲ್ಲಾಂದ್ರೆ ನೀವು ಎತ್ತಿಟ್ಟುಬಿಡ್ತೀರ."

ಮುಚ್ಚಳ ತೆಗೆದು ಹಿಡಿದಿದ್ದಳು. ಎಲ್ಲರೂ ನೋಡುತ್ತಿದ್ದರು. ಆ ಕೈ ಮೂರು ತಿಂಗಳ ಹಿಂದೆ ನನ್ನ ಹಣೆಯ ಮುಂದೆ ನಿಂತ ಕೈ. ಅದನ್ನು ಸಭೆಯ ಎದುರಿಗೆ ಹೇಗೆ ತಳ್ಳಲಿ? ಹಚ್ಚಿಕೊಂಡೆ. ಸೀಳಿದ ಚರ್ಮದೊಳಕ್ಕೆ ದಾಲ್ಚಿನ್ನಿ ಇಳಿಯಿತು. ಕಣ್ಣುಗಳಿಂದ ನೀರು ಹರಿಯಿತು. ಒರೆಸಿಕೊಂಡಷ್ಟೂ ಹರಿಯಿತು.

"ನೋಡ್ರಿ," ಎಂದರು ಅಧ್ಯಕ್ಷರು, ಅವರ ದನಿಯೂ ಸ್ವಲ್ಪ ಗದ್ಗದವಾಗಿತ್ತು, "ಮೇಡಮ್ಮರ ಕಣ್ಣಾಗ ನೀರು ಬಂತು. ಇಷ್ಟು ವರ್ಷದ ಸೇವಾರೀ, ಸುಮ್ನ ಅಲ್ಲ. ಈಗ ಹೊಸಬರ ಕೈಯಾಗ ಕೊಡ್ಲಿಕ್ಕತ್ತಾರ. ಎಲ್ಲಾರೂ ಚಪ್ಪಾಳೆ ಹೊಡೀರಿ."

ಹೊಡೆದರು. ನನ್ನ ಮನೆಯಲ್ಲಿ, ನನ್ನ ಕುರ್ಚಿಗಳ ಮೇಲೆ ಕುಳಿತು, ನನ್ನ ಕಾಫಿ ಕುಡಿದು ಹೊಡೆದರು. ಸರ್ವಾನುಮತ ಎಂದು ಬರೆದುಕೊಂಡರು. ಹೋಗುವಾಗ ಪ್ರತಿಯೊಬ್ಬರೂ ಬಾಗಿಲಲ್ಲಿ ನಿಂತು ನನ್ನ ತುಟಿಯ ಬಗ್ಗೆ ಎಚ್ಚರಿಕೆ ಹೇಳಿದರು.

ಮರುದಿನ ಬೆಳಗಾದಾಗ ಕನ್ನಡಿಯಲ್ಲಿ ಕಂಡ ಮುಖವನ್ನು ನರಹರಿ ನೋಡಬೇಕಿತ್ತು. ಶರ್ಮಿಷ್ಠಾ ಮಾತಿಗೆ ತಪ್ಪದೆ, ಬ್ಯಾಂಕಿಗೆ ತಡವಾಗಿ ಹೋಗುವುದಾಗಿ ಹೇಳಿ, ನನ್ನನ್ನು ಸದರ್ನ್ ಅವೆನ್ಯೂವಿನ ಚರ್ಮರೋಗದ ವೈದ್ಯರ ಬಳಿಗೆ ಕರೆದೊಯ್ದಳು. ವೈದ್ಯರು ನಗುವ ಜಾತಿಯವರಲ್ಲ. ಉಸಿರಾಟಕ್ಕೆ ತೊಂದರೆಯಾಯಿತೆ, ನಾಲಿಗೆ ಊದಿತೆ ಎಂದು ಮೊದಲು ಕೇಳಿದರು. ಇಲ್ಲವೆಂದ ಮೇಲೆ, "ಏನೇನು ಹಚ್ಚಿದ್ದೀರಿ, ಎಲ್ಲ ತೋರಿಸಿ" ಎಂದರು. ನಾನು ಕೈಚೀಲದಿಂದ ಕೊಳವೆಯನ್ನು ತೆಗೆದೆ. ಅವರು ಅದನ್ನು ಮೂಸಿದರು, ಅದರ ಮೇಲಿನ ಇರುವೆಯಂಥ ಅಕ್ಷರಗಳನ್ನು ಕನ್ನಡಕ ಮೇಲಕ್ಕೇರಿಸಿ ಓದಿದರು, ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದರು.

"ಇದೇ" ಎಂದರು. "ದಾಲ್ಚಿನ್ನಿ ನಿಮಗೆ ಒಗ್ಗುವುದಿಲ್ಲ. ಅದನ್ನು ತಿಂಗಳುಗಟ್ಟಲೆ ತುಟಿಗೆ ಬಡಿದಿದ್ದೀರಿ. ಉರಿಯುವಾಗ ನಿಲ್ಲಿಸಬೇಕೆಂದು ಅನ್ನಿಸಲಿಲ್ಲವೆ?"

"ಉಡುಗೊರೆ" ಎಂದೆ.

"ತುಟಿಗೆ ಅದು ತಿಳಿಯುವುದಿಲ್ಲ" ಎಂದರು.

ಅವರು ಹೇಳಿದ ಶುಶ್ರೂಷೆಯಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಬೆಣ್ಣೆ, ಜೇನು, ಅರಿಶಿನ, ಹಸಿರು ಟ್ಯೂಬು, ಯಾವುದೂ ಬೇಡ. ಮೆತ್ತನೆಯ ಬಿಳಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ತುಟಿಗಳ ಮೇಲೆ ಇಟ್ಟುಕೊಳ್ಳಬೇಕು. ಒರೆಸಬಾರದು, ಒತ್ತಿ ತೆಗೆಯಬೇಕು. ಮೊದಲ ಕೆಲವು ದಿನ ಅವರು ಬರೆದುಕೊಟ್ಟ ಔಷಧಿಯನ್ನು ಕಡ್ಡಿಯ ತುದಿಯಷ್ಟೇ ಸವರಬೇಕು, ಅದರಾಚೆಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಬರಿಯ ಪೆಟ್ರೋಲಿಯಂ ಜೆಲ್ಲಿ. ನಾಲಿಗೆಯಿಂದ ತುಟಿ ಸವರಬಾರದು. ಒದ್ದೆ ಮಾಡಿದಷ್ಟೂ ಒಣಗುತ್ತದೆ. ಎದ್ದ ಸಿಪ್ಪೆಯನ್ನು ಉಗುರಿನಿಂದ ಕೀಳಬಾರದು. ಹುಳಿ, ಖಾರ, ಸಾಸಿವೆ, ಬಿಸಿ ಚಹಾ ಬೇಡ. ಹಲ್ಲುಜ್ಜುವ ಪೇಸ್ಟಿನಲ್ಲೂ ದಾಲ್ಚಿನ್ನಿಯೋ ಪುದೀನವೋ ಇದ್ದರೆ ಬದಲಾಯಿಸಬೇಕು. ಆದಷ್ಟು ಕಡಿಮೆ ಮಾತನಾಡಬೇಕು.

"ಕೊನೆಯದನ್ನು ಆಗಲೇ ಪಾಲಿಸಿದ್ದೇನೆ" ಎಂದುಕೊಂಡೆ.

ನನ್ನಂಥವಳಿಗೆ ಇಂಥ ಶುಶ್ರೂಷೆ ಒಗ್ಗುತ್ತದೆ. ನಿಯಮವನ್ನು ನಿಯಮದಂತೆ ಪಾಲಿಸುವುದು ನನ್ನ ಹಳೆಯ ಕಸುಬು. ಹಳೆಯ ಮಲ್ಲಿನ ಪಂಚೆಯೊಂದನ್ನು ಚೌಕವಾಗಿ ಹರಿದು, ಕುದಿಸಿ ಒಣಗಿಸಿಟ್ಟೆ. ಉಪ್ಪಿನಕಾಯಿಯ ಜಾಡಿಯನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿದೆ. ಸಾರಿಲ್ಲ, ಗೊಜ್ಜಿಲ್ಲ, ಶರ್ಮಿಷ್ಠಾ ಕಳಿಸುತ್ತಿದ್ದ ಅಕ್ಕಿಯ ಗಂಜಿ, ನನ್ನ ಸಪ್ಪೆ ಬೇಳೆ. ಬಂಗಾಳದ ಚಳಿಗಾಲವೆಂದರೆ ಹೊಸ ಖರ್ಜೂರದ ಬೆಲ್ಲದ ಕಾಲ. ಬೀದಿಯ ತುಂಬ ಅದರ ಪರಿಮಳ. ನಾನು ಒದ್ದೆ ಬಟ್ಟೆಯನ್ನು ಬಾಯಿಯ ಮೇಲಿಟ್ಟುಕೊಂಡು ಮುಂದಿನ ಕೋಣೆಯ ಆರಾಮಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂರುತ್ತಿದ್ದೆ. ಬಟ್ಟೆ ಬೆಚ್ಚಗಾದಾಗ ತೆಗೆದು ಮತ್ತೆ ಅದ್ದುತ್ತಿದ್ದೆ. ಭಾನುವಾರ ಬಂತು. ಮಕ್ಕಳು ಕೂರುವ ಚಾಪೆಗಳನ್ನು ಹಾಸುವ ಹೊತ್ತಾಯಿತೆಂದು ಕೈ ತಾನಾಗಿ ಮೂಲೆಯತ್ತ ಹೋಯಿತು. ಹಾಸಲಿಲ್ಲ. ಕೆಳಗೆ ಬೀದಿಯಲ್ಲಿ ವ್ಯಾನೊಂದು ಹಾರನ್ ಮಾಡಿತು. ಹಿಂದಿನ ಬೀದಿಯ ಬ್ಯಾಂಕಿನವರ ಮಕ್ಕಳು ಕೂಗುತ್ತ ಹತ್ತಿದ್ದು ಕೇಳಿಸಿತು, ಬಂಗಾಳಿಯಲ್ಲಿ.

ಶಿಲ್ಪಾ ಒಂದು ಸಂಜೆ ದ್ರಾಕ್ಷಿ ಹಿಡಿದುಕೊಂಡು ಬಂದಳು. "ಈಗ ಎಷ್ಟೋ ಬೆಟರ್ ಕಾಣ್ತೀರ ಆಂಟೀ. ನನ್ನ ಬಾಮ್ ಕೆಲಸ ಮಾಡ್ತು, ಅಲ್ವಾ?" ಎಂದಳು. ನಾನು ಹೂಂ ಎಂದೆ. ಇದನ್ನು ಔದಾರ್ಯವೆಂದು ತಿಳಿಯಬೇಡಿ. ಕುಂಕುಮ ಹಿಡಿದ ಕೈಯ ಲೆಕ್ಕವೇ ಬೇರೆ, ತರಗತಿ ಮುಚ್ಚಿಸಿದ ಬಾಯಿಯ ಲೆಕ್ಕವೇ ಬೇರೆ. ಒಂದರಲ್ಲಿ ಅವಳಿಗೆ ನಾನು ಋಣಿ, ಇನ್ನೊಂದರಲ್ಲಿ ಅವಳನ್ನು ನಾನು ಸಾಯುವವರೆಗೆ ಕ್ಷಮಿಸುವುದಿಲ್ಲ. ಎರಡನ್ನೂ ಕೂಡಿಸಿ ಕಳೆದು ಸೊನ್ನೆ ಮಾಡುವುದು ಸೋಮಾರಿಗಳ ವಿಧಾನ.

ತುಟಿ ಕೂಡಿಕೊಂಡ ದಿನವೇ ಅಧ್ಯಕ್ಷರಿಗೆ ಫೋನ್ ಮಾಡಿದೆ.

"ತರಗತಿ ಮುಚ್ಚುವುದಕ್ಕೆ ನನ್ನ ಒಪ್ಪಿಗೆಯಿಲ್ಲ" ಎಂದೆ.

"ಈಗ ಹೇಳ್ತೀರಲ್ರೀ ಮೇಡಮ್ಮರ! ಸರ್ವಾನುಮತದಿಂದ ಆಗಿಹೋಗೇದ. ನೀವೂ ಇದ್ರಲ್ಲ ಅಲ್ಲೆ?"

"ಇದ್ದೆ."

"ಏನೂ ಅನಲಿಲ್ಲ."

"ತುಟಿ ಸೀಳಿ ರಕ್ತ ಬರುತ್ತಿತ್ತು."

"ಕೈಯರೆ ಎತ್ತಬೇಕಿತ್ತು."

"ಎರಡು ಸಲ ಎತ್ತಿದೆ."

"ಹೌದಲ್ಲ, ನೀರು ಬೇಕೇನೋ ಅಂದ್ಕೊಂಡ್ವಿ. ತಂದುಕೊಟ್ವಲ್ರೀ! ಆತು ಬಿಡ್ರಿ, ನೀವು ಬೇಕಾದ್ರ ಮನ್ಯಾಗ ನಡಸ್ರಲ್ಲ. ನಿಮ್ಮ ಬಾಗಿಲಕ್ಕ ನಾವೇನು ಕೀಲಿ ಹಾಕಿಲ್ಲ."

ಸತ್ಯವೇ. ಬಾಗಿಲು ನನ್ನದು, ಕಪ್ಪುಹಲಗೆ ನನ್ನದು. ಮಕ್ಕಳು ಮಾತ್ರ ವ್ಯಾನಿನ ಪಾಲು. ನಾನು ಮನೆಮನೆಗೆ ಫೋನ್ ಮಾಡಿ ಕರೆಯಬಹುದಿತ್ತು. ತಾಯಂದಿರು, "ಬರ್ತಾಳೆ ಆಂಟೀ, ಈ ವಾರ ಕ್ವಿಜ್ ಇದೆ, ಮುಂದಿನ ವಾರ ನೋಡೋಣ" ಎನ್ನುತ್ತಿದ್ದರು. ಒಬ್ಬಳಿಗೆ ಮಾಡಿದೆ, ಅವಳು ಅಂದದ್ದು ಅಕ್ಷರಶಃ ಅದನ್ನೇ. ಇನ್ನೊಬ್ಬಳಿಗೆ ಮಾಡಲಿಲ್ಲ. ಫನ್ ಕ್ಲಬ್ಬಿನಲ್ಲಿ ಸೀಡಿಯ ಕನ್ನಡ ಕೆಲವು ವಾರ ನಡೆದು, ಡಾನ್ಸಿಗೆ ಹೊತ್ತು ಸಾಲದೆಂದು ನಿಂತಿತೆಂದು ಆಮೇಲೆ ಶಾಂತಮೂರ್ತಿಗಳಿಂದ ತಿಳಿಯಿತು. ನನಗೆ ಸಂತೋಷವಾಗಲಿಲ್ಲ. ಆಗುತ್ತದೆಂದು ಎಣಿಸಿದ್ದೆ.

ಚಳಿ ಮುಗಿದು ಸೆಖೆ ಆರಂಭವಾಗಿದ್ದ ಒಂದು ಭಾನುವಾರ, ಬೆಳಗಿನ ಹೊತ್ತಿನಲ್ಲಿ ಶರ್ಮಿಷ್ಠಾ ಮೇಲೆ ಬಂದಳು. ಮುಖ ಬಾಡಿತ್ತು.

"ಮಾಶಿಮಾ, ಗದಗ ಎಂದರೆ ಎಲ್ಲಿದೆ?"

"ಏಕೆ?"

"ಅಲ್ಲಿಗೆ ವರ್ಗ ಮಾಡಿದ್ದಾರೆ. ಬಡ್ತಿ ಕೊಟ್ಟು ಕಾಡಿಗೆ ಅಟ್ಟುತ್ತಿದ್ದಾರೆ."

"ಕಾಡಲ್ಲ. ಕಾಡು ಬೇಕೆಂದರೂ ಅಲ್ಲಿ ಸಿಗುವುದಿಲ್ಲ" ಎಂದು ಆರಂಭಿಸಿದೆ. ಅವಳಿಗೆ ಭೂಗೋಳ ಬೇಕಿರಲಿಲ್ಲ.

"ಕೌಂಟರಿನಲ್ಲಿ ಜನ ಹಿಂದಿ ಆಡುವುದಿಲ್ಲವಂತೆ. ಕುಳಿತುಕೊಳ್ಳಿ, ಇಲ್ಲಿ ಸಹಿ ಮಾಡಿ, ನಾಳೆ ಬನ್ನಿ... ಅಷ್ಟು ಕಲಿಸಿಕೊಡುತ್ತೀರಾ? ಇನ್ನೇನೂ ಬೇಡ. ನಿಮಗೆ ಈಗ ಭಾನುವಾರ ಬಿಡುವಿದೆಯಲ್ಲ."

ಬಿಡುವಿದೆಯಲ್ಲ ಎಂಬ ಮಾತನ್ನು ನಾನು ಗಮನಿಸಿದೆ. ಅವಳು ನನ್ನನ್ನು ವೈದ್ಯರ ಬಳಿಗೆ ಕರೆದೊಯ್ದವಳೆಂಬುದನ್ನೂ ಗಮನಿಸಿದೆ. ಮೂಲೆಯಿಂದ ಚಾಪೆಯೊಂದನ್ನು ತೆಗೆದು ಝಾಡಿಸಿ ಹಾಸಿದೆ. ಅವಳು ಕಾಲು ಮಡಿಸಿ, ದೊಡ್ಡ ಮೈಯನ್ನು ಮಕ್ಕಳ ಚಾಪೆಯ ಮೇಲೆ ಹೇಗೋ ಹೊಂದಿಸಿಕೊಂಡು ಕುಳಿತಳು.

ಮಕ್ಕಳಿಗೆ ನಾನು ಮೊದಲು ಕಲಿಸುತ್ತಿದ್ದುದು ಹೆಸರು ಹೇಳುವುದನ್ನು. ನನ್ನ ಹೆಸರು ಇಂಥದು, ನಿನ್ನ ಹೆಸರೇನು. ಅಂದು ಸೀಮೆಸುಣ್ಣ ಹಿಡಿದು ನಿಂತಾಗ ಆ ಪಾಠ ಬಾಯಿಗೆ ಬರಲಿಲ್ಲ.

"ಹೇಳು," ಎಂದೆ, "ನಾನು ಒಪ್ಪುವುದಿಲ್ಲ."

ಆ ಮಾತಿನ ನಡುವೆ ತುಟಿಗಳೆರಡೂ ಒಮ್ಮೆ ಗಟ್ಟಿಯಾಗಿ ಕೂಡಿ, ಬಿಚ್ಚಿಕೊಳ್ಳಬೇಕು. ಹೊಸ ಚರ್ಮ ಎಳೆಯಿತು, ಸೀಳಲಿಲ್ಲ.

"ನಾನು ಓಪ್ಪುಬುದಿಲ್ಲೊ" ಎಂದಳು ಶರ್ಮಿಷ್ಠಾ, ಬಾಯಿಯಲ್ಲಿ ರಸಗುಲ್ಲವಿದ್ದಂತೆ. ಬರೆದುಕೊಂಡಳು. "ಇದರ ಅರ್ಥವೇನು?"

ಹೇಳಿದೆ.

ಅವಳು ಪೆನ್ನು ಎತ್ತಿ ನನ್ನನ್ನು ನೋಡಿದಳು. "ಬ್ಯಾಂಕಿನಲ್ಲಿ ನಾನು ಇದನ್ನು ಯಾರಿಗೆ ಹೇಳಬೇಕು, ಮಾಶಿಮಾ?"

"ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ" ಎಂದೆ. "ಪೆನ್ನು ಕೆಳಗಿಡು. ಬಾಯಿ ಪೂರ್ತಿ ತೆರೆ. ಕೆಳಗಿನ ಬೀದಿಗೆ ಕೇಳಿಸಬೇಕು. ಇನ್ನೊಮ್ಮೆ."